ನಲವತ್ತು ಸಲ ಎದ್ದು ಹೋದ ಗಿರಾಕಿ

ರಾಯಚೂರಿನಲ್ಲಿ ಕೂತು ಆನ್‌ಲೈನ್ ಅಂಗಡಿ ಕಟ್ಟಿಕೊಡುವ ನನಗೆ ನಗೆಪಾಟಲಾಗಲು ಎಲ್ಲಿಗೂ ಹೋಗಬೇಕಿಲ್ಲ, ಫೋನ್ ಎತ್ತಿದರೆ ಸಾಕು. ಈ ಅಂಗಡಿಗಳಿಗೆಂದೇ ಒಂದು ಕಂಪ್ಯೂಟರ್ ಭಾಷೆ ಇದೆ. 'ಮಾಲು ಇದ್ದರೆ ಇದನ್ನು ತೋರಿಸು, ಮುಗಿದಿದ್ದರೆ ಅದನ್ನು' ಎಂದು ಬರೆದಿಟ್ಟರೆ ಅಂಗಡಿ ಹಾಗೇ ನಡೆದುಕೊಳ್ಳುತ್ತದೆ. ಎದುರು ಮಾತಾಡುವುದಿಲ್ಲ, ನನ್ನ ಹಾಗೇ. ಅವ್ವನಿಗೆ ಮಾತ್ರ ಇದು ಕೆಲಸವೆಂದೇ ಅನ್ನಿಸಿರಲಿಲ್ಲ. "ದೀಪಾವಳಿ ಮಟ ನೋಡ್ತೀನಿ. ಆಮ್ಯಾಗ ಸುಮ್ನ ಬ್ಯಾಂಕ್ ಪರೀಕ್ಷಿ ಬರಿ," ಎಂದು ಗಡುವು ಕೊಟ್ಟಿದ್ದಳು.

ದೇವದುರ್ಗದ ನಾಳೆ

ದೇವದುರ್ಗದ ಪಾತ್ರೆ ಅಂಗಡಿಯವರಿಗೆ 'ಸ್ಟಾಕ್ ಇಲ್ಲ' ಎಂಬುದನ್ನು ಕಂಡರೇ ಆಗದು.

"ಬಂದ ಗಿರಾಕಿಗೆ ಇಲ್ಲ ಅಂತ ನಮ್ಮಪ್ಪನೂ ಅಂದಿಲ್ಲ, ನಾನೂ ಅನ್ನಂಗಿಲ್ಲ. ತಗಿ ಅದನ್ನ."

"ಮತ್ತೇನು ಬರೀಲಿ ಕಾಕಾ?"

"ನಾಳಿ ಬರ್ರಿ ಅಂತ ಬರಿ."

ಬರೆದೆ. ಮಟಮಾರಿಯ ಹೆಣ್ಣುಮಗಳೊಬ್ಬರು ಇಡ್ಲಿ ಪಾತ್ರೆಗಾಗಿ ಹನ್ನೊಂದು ದಿನ ಬಿಡದೆ ಬಂದು ನೋಡಿದರು. ಹನ್ನೆರಡನೇ ದಿನ ಬಸ್ ಹತ್ತಿ ಅಂಗಡಿಗೇ ಬಂದುಬಿಟ್ಟರು. ಕಾಕಾ ಕುರ್ಚಿ ಹಾಕಿಸಿ, ಚಹಾ ತರಿಸಿ, ಕುಡಿದಾದ ಮೇಲೆ ಹೇಳಿದರು: "ನಾಳಿ ಬರ್ರಿ."

ಮೊದಲು ಅಜ್ಜ, ಆಮೇಲೆ ಅಕ್ಕಿ

ರಾಯಚೂರಿನ ಅಕ್ಕಿ ವ್ಯಾಪಾರಿಯೊಬ್ಬರು ತಮ್ಮ ಪುಟದ ನೆತ್ತಿಯ ಮೇಲೆ ಅಜ್ಜನ ಫೋಟೋ ಹಾಕಿಸಿದರು. ಫೋಟೋಗೆ ಹಾರ, ಪಕ್ಕಕ್ಕೆ ಊದಿನಕಡ್ಡಿ. ಅದರ ಹೊಗೆ ಆಡುತ್ತಿರಬೇಕು ಎಂದರು, ಆಡಿಸಿದೆ. ಅಕ್ಕಿ ಕೆಳಗೆಲ್ಲೋ ಇತ್ತು. ಪುಟ ತೆರೆದವರು ಕೈಮುಗಿದು ಮುಚ್ಚಿಕೊಂಡು ಹೋದರು.

ವಾರ ಕಳೆದ ಮೇಲೆ ಕಲ್ಮಲದಿಂದ ಒಂದು ಸಂದೇಶ ಬಂತು: "ಸುದ್ದಿ ಈಗ ಗೊತ್ತಾತ್ರೀ. ದುಃಖದಾಗ ಇದ್ದೀರಿ, ಅಕ್ಕಿ ಆಮ್ಯಾಗ ತಗೋತೀವಿ."

ಇನ್ನಾದರೂ ಫೋಟೋ ತೆಗೆಸುತ್ತಾರೆ ಎಂದುಕೊಂಡೆ. ವ್ಯಾಪಾರಿ ಕಣ್ಣೊರೆಸಿಕೊಂಡು, "ನೋಡವ್ವಾ, ಅಜ್ಜ ಹೋಗಿ ನಲವತ್ತು ವರ್ಷಾತು, ಮಂದಿ ಇನ್ನೂ ಮರ್ತಿಲ್ಲ," ಎಂದರು.

ಮಾನ್ವಿಯ ನಾಚಿಕೆ

ಮಾನ್ವಿಯ ಸೀರೆ ಅಂಗಡಿಯವರಿಗೆ ಚೌಕಾಸಿ ಇಲ್ಲದ ವ್ಯಾಪಾರ ಸಪ್ಪೆ. "ಗಿರಾಕಿ ಪುಟ ಮುಚ್ಚಾಕ ಹೋದಾಗೆಲ್ಲ, 'ಬರ್ರಿ ಅಕ್ಕಾರ, ಐವತ್ತು ಕಡಿಮಿ ಮಾಡ್ತೀವಿ' ಅಂತ ಕರೀಬೇಕು," ಎಂದರು.

"ಎಲ್ಲಿ ನಿಲ್ಲಿಸ್ಲಿ?"

"ನಿಲ್ಸೂದು ಬ್ಯಾಡ. ಮೂರು ಸಲ ಎದ್ದು ಹೋದಾಕಿಗೆ ನಾಕನೇ ಸಲಕ್ಕ ತಾನೇ ನಾಚಿಕಿ ಬರ್ತದ. ಮೂವತ್ತು ವರ್ಷ ನೋಡೀನಿ."

ಅಂಗಡಿಯಲ್ಲಿ ಬರುವ ನಾಚಿಕೆ ಫೋನಿನಲ್ಲಿ ಬರುತ್ತದೆಯೇ ಎಂದು ನನಗೆ ಅನುಮಾನ. ಕೇಳಲು ಧೈರ್ಯ ಸಾಲಲಿಲ್ಲ. ದೀಪಾವಳಿಗೆ ಹತ್ತೇ ದಿನ ಉಳಿದಿತ್ತು, ಈ ಅಂಗಡಿಯೂ ಕೈಬಿಟ್ಟರೆ ಪರೀಕ್ಷೆಯೇ ಗತಿ. ಹೇಳಿದಂತೆ ಬರೆದೆ.

ಮೂರನೇ ದಿನ ಅವರ ಫೋನ್. "ಯವ್ವಾ, ಯಾವಾಕಿನೋ ನಲವತ್ತು ಸಲ ಎದ್ದು ಹೋಗ್ಯಾಳ! ರೇಷ್ಮಿ ಸೀರಿ ಟವೆಲ್ ರೇಟಿಗೆ ಹೋತು!"

"ಯಾವ ಊರಾಕಿ ರೀ?"

"ನಿಮ್ಮ ರಾಯಚೂರಾಕಿನೇ," ಎಂದು ವಿಳಾಸ ಓದಿದರು. ನಮ್ಮ ಮನೆಯದು.

ಒಳಗೆ ಅವ್ವ ಮಂಚದ ಮೇಲೆ ಕೂತು ಫೋನ್ ಒತ್ತುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿದಳು. "ಇಷ್ಟು ದಿನ ನೀ ಸುಮ್ನ ಕೂತು ಕುಟ್ಟಾಕತ್ತೀ ಅಂದ್ಕೊಂಡಿದ್ದೆ. ಭಾಳ ಛಲೋ ಕೆಲಸ ಅದ. ಪರೀಕ್ಷಿ ಗಿರೀಕ್ಷಿ ಏನೂ ಬ್ಯಾಡ."

ನನಗೆ ಕಣ್ಣು ತುಂಬಿ ಬಂತು. "ಆತು ಬೇ. ಮೊದ್ಲು ಇದನ್ನ ಸರಿ ಮಾಡ್ತೀನಿ," ಎಂದು ಲ್ಯಾಪ್‌ಟಾಪ್ ತೆರೆದೆ.

ಅವ್ವ ಅದನ್ನು ಫಟ್ಟನೆ ಮುಚ್ಚಿದಳು. "ತಡಿ. ಓಣ್ಯಾಗ ಇನ್ನೂ ಆರು ಮಂದಿ ಉಳದಾರ."