ಚಾಲಕರೊಡನೆ ಮಾತನಾಡಬೇಡಿ

ನಮ್ಮ ಮನೆಯಲ್ಲಿ ನನ್ನ ವಿರುದ್ಧ ಪಿತೂರಿ ನಡೆಯುತ್ತಿದೆ ಎಂಬ ಸುಳಿವನ್ನು ಮೊದಲು ಕೊಟ್ಟಿದ್ದು ನನ್ನ ಹೊಟ್ಟೆ. ಒಂದು ಬೆಳಗ್ಗೆ ಗಾಡಿ ಹತ್ತಿ ಕೂತೆ. ಸ್ಟೇರಿಂಗು ಬಂದು ಹೊಟ್ಟೆಗೆ ಒತ್ತಿತು. ಹಿಂದಿನ ದಿನ ಇವೆರಡರ ನಡುವೆ ಒಂದು ಗೇಣು ಜಾಗವಿತ್ತು. ಒಂದೇ ದಿನಕ್ಕೆ ಗೇಣುದ್ದ ಬೆಳೆಯಲು ನನ್ನ ಹೊಟ್ಟೆಯೇನು ಕುಂಬಳಬಳ್ಳಿಯೆ? ಬಗ್ಗಿ ನೋಡಿದರೆ ಸೀಟು ಮುಂದಕ್ಕೆ ಸರಿದಿತ್ತು. ಸೀಟಿಗೆ ಕಾಲಿಲ್ಲ. ಅಂದಮೇಲೆ ಯಾರೋ ಸರಿಸಿದ್ದಾರೆ. ಸರಿಸಿದವರು ಕುಳ್ಳಗಿದ್ದಾರೆ.

ಗಾಡಿ ಯಾವುದೆಂದು ಹೇಳಿಬಿಡುತ್ತೇನೆ. ಮೂವತ್ತೊಂದು ವರ್ಷ ಒಂದೇ ರಸ್ತೆಯಲ್ಲಿ ಬಸ್ಸು ಓಡಿಸಿದವನು ನಾನು. ನಿವೃತ್ತನಾದ ಮೇಲೆ, ರಸ್ತೆಯೇ ಇಲ್ಲದ ಕಡೆ ಗಾಡಿ ಓಡಿಸಬೇಕೆಂಬ ಮಹದಾಸೆ ಹುಟ್ಟಿತು. ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ವರ್ಷಕ್ಕೊಮ್ಮೆ ಬಂಡೆ ಹತ್ತುವ ಗಾಡಿಗಳ ಪಂದ್ಯ ನಡೆಯುತ್ತದೆ. ಸಾಯುವುದರೊಳಗೆ ಒಮ್ಮೆ ಆ ಬಂಡೆಯ ನೆತ್ತಿಯ ಮೇಲೆ ಸ್ಟೇರಿಂಗು ಹಿಡಿದು ಕೂತು, ಕೆಳಗಿನವರನ್ನೆಲ್ಲ ಇರುವೆಗಳಂತೆ ನೋಡಬೇಕು. ಇಷ್ಟೇ ನನ್ನ ಬೇಡಿಕೆ. ಅದಕ್ಕಾಗಿ ನಾಲ್ಕೂ ಚಕ್ರ ಎಳೆಯುವ ಹಳೆಯ ಪುಟ್ಟ ಲಾರಿಯೊಂದನ್ನು ತಂದು ನನ್ನ ಭಾಮೈದನ ವೆಲ್ಡಿಂಗ್ ಶೆಡ್ಡಿನಲ್ಲಿ ನಿಲ್ಲಿಸಿದೆ. ಶೆಡ್ಡು ನಮ್ಮ ಮನೆಯ ಹಿತ್ತಲಿಗೇ ಅಂಟಿಕೊಂಡಿದೆ. (ಬೇರೆಯಾಗಿರುವುದನ್ನು ಬೆಸೆಯುವುದು ಇವನ ಕಸುಬು. ಅಕ್ಕನೊಡನೆ ಸೇರಿ ನನ್ನನ್ನು ಬೇರೆ ಮಾಡುವುದು ಹವ್ಯಾಸ.)

ಹಗುರ ಗಾಡಿಗಳ ಪಂದ್ಯಕ್ಕೆ ಒಂದೇ ಕಟ್ಟುಪಾಡು: ಗಾಡಿಯೂ ಅದರೊಳಗಿನ ಚಾಲಕನೂ ಸೇರಿ ಒಂಬೈನೂರು ಕಿಲೋ ದಾಟಬಾರದು. ಆದ್ದರಿಂದ ಕೆಡವುವ ಯಜ್ಞ ಶುರುವಾಯಿತು. ಹಿಂದಿನ ತೊಟ್ಟಿ ಹೋಯಿತು, ಬಾಗಿಲು ಹೋಯಿತು, ತಲೆಯ ಮೇಲಿನ ಸೂರೂ ಹೋಯಿತು. ಬಂಡೆಗೆ ತಾಗದಿರಲೆಂದು ಭಾಮೈದ ಚಾಸಿಯ ಬಾಲವನ್ನು ಗ್ಯಾಸ್ ಕಟ್ಟರಿನಿಂದ ಮೊಳದುದ್ದ ಕತ್ತರಿಸಿದ. ಪೈಪು ಬಗ್ಗಿಸಿ ಪಂಜರ ಕಟ್ಟಿದ. ಹಿಂದಿನ ಎರಡು ಚಕ್ರಗಳು ಒಂದೊಂದು ತಾಳಕ್ಕೆ ತಿರುಗದಂತೆ ನಡುವಿನ ಗೇರುಹಲ್ಲುಗಳನ್ನೇ ಬೆಸೆದುಬಿಟ್ಟ. (ಮದುವೆಯ ದಿನವೇ ನಮ್ಮಿಬ್ಬರಿಗೂ ಹೀಗೊಂದು ಬೆಸುಗೆ ಹಾಕಿದ್ದರೆ ಇಷ್ಟು ವರ್ಷ ಟೈರು ಸವೆಯುತ್ತಿರಲಿಲ್ಲ.) ನನ್ನವಳು ಟೈಲರು; ಮಣಭಾರದ ಸೀಟನ್ನು ಕಿತ್ತು ಕ್ಯಾನ್ವಾಸಿನದೊಂದು ಹೊಲಿದುಕೊಟ್ಟಳು. ಕೊನೆಗೆ ಗಾಡಿ ಎಷ್ಟು ಹಗುರವಾಯಿತೆಂದರೆ, ಗಾಳಿ ಬೀಸಿದ ದಿನ ಅದಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಬೇಕಾಗುತ್ತಿತ್ತು.

ಒಂದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ನನ್ನ ಬಸ್ಸು ಗುಜರಿಗೆ ಹೋದಾಗ ಕಿತ್ತು ತಂದಿದ್ದ ತಗಡಿನ ಫಲಕ: 'ಚಾಲಕರೊಡನೆ ಮಾತನಾಡಬೇಡಿ.' ಅದನ್ನು ಸ್ಟೇರಿಂಗಿನ ಮುಂದೆಯೇ ಬಿಗಿದೆ.

"ರೀ, ಅದು ಕಾಲು ಕಿಲೋ ಇದೆ," ಎಂದಳು ನನ್ನವಳು.

"ಇರ್ಲಿ. ಮನೇಲಂತೂ ಈ ಮಾತು ನಡೀಲಿಲ್ಲ, ಗಾಡೀಲಾದ್ರೂ ನಡೀಲಿ."

ಅವಳು ವಾದಿಸಲಿಲ್ಲ. ಫಲಕವನ್ನೊಮ್ಮೆ ಓದಿ, "ಸರಿ, ಇರ್ಲಿ ಬಿಡಿ," ಎಂದು ನಕ್ಕಳು. ವಾದಿಸದ ಹೆಂಡತಿಯನ್ನು ನಂಬಬಾರದೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಸೀಟಿನ ವಿಷಯಕ್ಕೆ ಬರೋಣ. ಪತ್ತೇದಾರನಾಗಿ ನಾನು ಸೀಟಿನ ಕಂಬಿಯ ಮೇಲೆ ಬಿಳಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಮರುದಿನ ನೋಡಿದರೆ ಸೀಟು ನನ್ನ ಗುರುತಿನಲ್ಲೇ ಇತ್ತು. ಗುರುತು ಮಾತ್ರ ನೀಲಿಯಾಗಿತ್ತು. ಕಳ್ಳ ಅಳಿಸಿಹೋದ ಗೆರೆಯನ್ನು ನನಗಿಂತ ನೇರವಾಗಿ ಎಳೆದಿಟ್ಟು ಹೋಗಿದ್ದ. ಟೈರಿನ ಸಂದುಗಳಲ್ಲಿ ಕ್ವಾರಿಯ ಕೆಂಪು ಧೂಳು. ಡೀಸೆಲ್ಲೂ ಇಳಿದಿತ್ತು. ನನಗೆ ಗೊತ್ತಿದ್ದ ಕುಳ್ಳ ಒಬ್ಬನೇ, ನನ್ನ ಭಾಮೈದ. ನೇರ ಅವನೆದುರು ಹೋಗಿ ನಿಂತೆ.

"ಏನಯ್ಯಾ, ಮಧ್ಯಾಹ್ನ ನಾನು ಮಲಗಿದಾಗ ಗಾಡಿ ಓಡಿಸ್ತೀಯಾ?"

"ನಾನಾ? ಸೈಕಲ್ ಹತ್ತಿದ್ರೇ ತಲೆ ತಿರುಗುತ್ತೆ ಭಾವ ನಂಗೆ."

"ಹಾಗಾದ್ರೆ ಡೀಸೆಲ್ ಯಾರು ಕುಡಿದ್ರು?"

"ಬಿಸಿಲು ಜಾಸ್ತಿ ಅಲ್ವಾ. ಆವಿಯಾಗಿರುತ್ತೆ."

ಆವಿಯಾಗುವ ಡೀಸೆಲ್ಲಿನ ಕಥೆಯನ್ನು ಮೂವತ್ತೊಂದು ವರ್ಷ ಡಿಪೋದಲ್ಲಿ ಹೇಳಿಕೊಂಡು ಬಂದವನು ನಾನು. ನನಗೇ ಹೇಳುತ್ತಾನೆ.

"ಅಕ್ಕನ್ನ ಕೇಳಿ ಭಾವ," ಎಂದವನೇ ವೆಲ್ಡಿಂಗ್ ಮುಖವಾಡವನ್ನು ಕೆಳಗೆಳೆದುಕೊಂಡ. ಅದರ ಹಿಂದೆ ಅವನು ನಗುತ್ತಿದ್ದನೆಂಬುದು ಭುಜ ನೋಡಿದರೆ ಗೊತ್ತಾಗುತ್ತಿತ್ತು.

ಅದೇ ವಾರ ನನ್ನವಳು ಪಂದ್ಯದ ಅರ್ಜಿಯನ್ನು ತಾನೇ ತುಂಬಿ ತಂದು, "ಗಾಡಿ ಮಾಲೀಕರು ಇಲ್ಲಿ ಸಹಿ ಹಾಕ್ಬೇಕಂತೆ," ಎಂದಳು. ಕನ್ನಡಕ ಎಲ್ಲೂ ಸಿಗಲಿಲ್ಲ. ಅವಳು ಬೆರಳಿಟ್ಟ ಕಡೆ ಸಹಿ ಗೀಚಿದೆ. ಆಮೇಲೆ ಹುಡುಕಿದರೆ ಕನ್ನಡಕ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಾಬಿನ್ನುಗಳ ನಡುವೆ ಕೂತಿತ್ತು. ಅದರ ಕೆಳಗೊಂದು ಚೀಟಿ; ಅವಳದೇ ಅಕ್ಷರ:

'ಗಾಡಿ 844. ಇವರು 94. ಇವರನ್ನು ಇಳಿಸಬೇಕು.'

ನಾನು ಉಸಿರು ಬಿಟ್ಟೆ. ಪಿತೂರಿ ಅಂದರೆ ಇಷ್ಟೇನಾ. ಒಂದು ತಿಂಗಳಿಂದ ನನ್ನ ತಟ್ಟೆಯಲ್ಲಿ ಸೌತೆಕಾಯಿ ಹೆಚ್ಚಾಗಿ ಅನ್ನ ಕಡಿಮೆಯಾಗಿದ್ದರ ಗುಟ್ಟೂ ಬಯಲಾಯಿತು. ಗಂಡನ ತೂಕ ಇಳಿಸಿ ಅವನನ್ನು ಬಂಡೆ ಹತ್ತಿಸಬೇಕೆಂದು ಕದ್ದುಮುಚ್ಚಿ ಒದ್ದಾಡುತ್ತಿರುವ ಸಾಧ್ವಿಯನ್ನು ಶಂಕಿಸಿದೆನಲ್ಲ ಎಂದು ನಾಚಿಕೆಯಾಯಿತು. ಅಂದಿನಿಂದ ಸೌತೆಕಾಯಿಯನ್ನು ಕೇಳಿ ಹಾಕಿಸಿಕೊಂಡೆ. ಪಂದ್ಯದ ಹೊತ್ತಿಗೆ ಬರೋಬ್ಬರಿ ಒಂದು ಕಿಲೋ ಇಳಿದಿದ್ದೆ.

ಪಂದ್ಯದ ಬೆಳಗ್ಗೆ ಕ್ವಾರಿಯ ಬಾಗಿಲಲ್ಲಿ, ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಗಾಡಿ ನಿಲ್ಲಿಸಿ ಮಹಾರಾಜನಂತೆ ಕೂತೆ.

"ಒಂಬೈನೂರ ಮೂವತ್ತೇಳು," ಎಂದ ತೂಕದ ಗುಮಾಸ್ತ.

ಚಪ್ಪಲಿ ಕಳಚಿದೆ. ವಾಚು ಬಿಚ್ಚಿದೆ. ಹಲ್ಲಿನ ಸೆಟ್ಟನ್ನೂ ತೆಗೆದು ಭಾಮೈದನ ಕೈಗಿಟ್ಟೆ. ಗುಮಾಸ್ತ ಮತ್ತೆ ನೋಡಿ, "ಒಂಬೈನೂರ ಮೂವತ್ತಾರು," ಎಂದ.

"ರೀ," ಎಂದಳು ನನ್ನವಳು, ಬಹಳ ಮೃದುವಾಗಿ. "ಇಳೀರಿ."

"ತೂಕ ತಾನೆ? ಇಳಿದಿದ್ದೀನಲ್ಲೇ, ಒಂದು ಕಿಲೋ."

"ತೂಕ ಅಲ್ಲ. ನೀವು ಇಳೀರಿ."

ಗುಮಾಸ್ತ ಅರ್ಜಿ ತಿರುವಿ, "ಚಾಲಕಿ ಅಂತ ಇದೆಯಲ್ಲ ಇಲ್ಲಿ. ನೀವು ಸಹಾಯಕರು. ನೀವ್ಯಾಕೆ ಹತ್ತಿದ್ರಿ ಯಜಮಾನ್ರೆ?" ಎಂದ.

ದಿನಕ್ಕೆ ನಾನೂರರಂತೆ ಮೂವತ್ತೊಂದು ವರ್ಷ ಜನರನ್ನು ಇಳಿಸಿದವನು ನಾನು. ಇಳಿಸುವುದಕ್ಕೆ ಎರಡು ಅರ್ಥವಿದೆಯೆಂದು ಆ ಚೀಟಿ ಓದುವಾಗ ಹೊಳೆಯದೆ ಹೋಯಿತು. ಇಳಿದೆ. ಅವಳು ಹತ್ತಿದಳು. ಒಂದು ಗುಂಡಿ ಹಾಕುವಷ್ಟು ಸಲೀಸಾಗಿ ಸೀಟನ್ನು ಮುಂದಕ್ಕೆ ಸರಿಸಿ, ಜೇಬಿನಿಂದ ಟೈಲರುಗಳ ನೀಲಿ ಸೀಮೆಸುಣ್ಣ ತೆಗೆದು ಗುರುತು ಹಾಕಿಕೊಂಡಳು. ಎಂಟುನೂರ ತೊಂಬತ್ತೆರಡು.

"ಯಾವಾಗ ಕಲಿತೆ?"

"ನೀವು ಮಧ್ಯಾಹ್ನ ಗೊರಕೆ ಹೊಡೆಯೋವಾಗ. ಗೊರಕೆ ನಿಲ್ಲೋದ್ರೊಳಗೆ ವಾಪಸ್ ಬಂದುಬಿಡ್ತಿದ್ದೆ."

"ನಂಗೆ ಬಿಡೋದು ತಾನೆ? ನಾನು ಡ್ರೈವರ್ ಕಣೇ."

"ನಿಮ್ಮದು ಬಸ್ಸಿನ ಕಾಲು ರೀ, ಒತ್ತಿದ್ರೆ ಮುಂದಿನ ಸ್ಟಾಪಿಗೇ ಹೋಗುತ್ತೆ. ಇದಕ್ಕೆ ಒಂದೊಂದೇ ಹೊಲಿಗೆ ಹಾಕಿದ ಹಾಗೆ ತುಳೀಬೇಕು."

ಸಹಾಯಕನೆಂದರೆ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಚಕ್ರ ಎಲ್ಲಿಡಬೇಕೆಂದು ಕೈ ತೋರಿಸಿ, ಜಾರಿದರೆ ಚಕ್ರದಡಿಗೆ ಕಲ್ಲು ಕೊಡುವವನು. ನಮ್ಮ ಭಾಷೆಯಲ್ಲಿ ಅವನಿಗೆ ಕ್ಲೀನರ್ ಎನ್ನುತ್ತಾರೆ. ಎಷ್ಟು ಕ್ಲೀನರುಗಳಿಗೆ ನಾನು ಬೈದಿಲ್ಲ. ಅವರೆಲ್ಲರ ಶಾಪವನ್ನು ಹೊತ್ತು, ಎರಡು ಕೈಯಲ್ಲಿ ಎರಡು ಕಲ್ಲು ಹಿಡಿದು, ಹಲ್ಲಿಲ್ಲದ ಬಾಯಲ್ಲಿ ಕೂಗುತ್ತ ಬಂಡೆ ಹತ್ತಿದೆ: "ಬರ್ಲಿ, ಬರ್ಲಿ, ಬರ್ಲಿ… ಹೋಲ್ಡಾನ್."

ಗಾಡಿ ಬಂತು. ಒಂದು ಚಕ್ರ ಗಾಳಿಯಲ್ಲಿ ತೇಲಿತು, ಇನ್ನೊಂದು ಬಂಡೆ ಕಚ್ಚಿತು. ಎಲ್ಲೂ ಅವಸರವಿಲ್ಲದೆ, ಎಲ್ಲೂ ದಾರ ಕಡಿಯದೆ, ಅಂಚು ಮಡಿಚಿ ಹೊಲಿದಂತೆ ಅವಳು ನೆತ್ತಿಯವರೆಗೂ ಬಂದಳು. ಕೆಳಗೆ ಜನ ಚಪ್ಪಾಳೆ ತಟ್ಟಿದರು. ಮೇಲಿನಿಂದ ಅವರು ನಿಜಕ್ಕೂ ಇರುವೆಗಳಂತೆಯೇ ಕಾಣುತ್ತಿದ್ದರು. ನೋಡುತ್ತಿದ್ದವಳು ಅವಳು, ನಾನು ಚಕ್ರಕ್ಕೆ ಕಲ್ಲು ಕೊಡುತ್ತಿದ್ದೆ.

ಆದರೂ ಅನುಭವ ಅನುಭವವೇ. ಏದುಸಿರು ಬಿಡುತ್ತ ಪಂಜರಕ್ಕೆ ಒರಗಿ, "ಲೇ, ಆ ಎರಡನೇ ಬಂಡೆ ಹತ್ರ ನೀನು ಗೇರು…" ಎಂದು ಶುರು ಮಾಡಿದೆ.

ಅವಳು ನನ್ನತ್ತ ತಿರುಗಲೂ ಇಲ್ಲ. ಸ್ಟೇರಿಂಗಿನಿಂದ ಒಂದೇ ಒಂದು ಬೆರಳೆತ್ತಿ, ಎದುರಿಗೆ ನಾನೇ ಬಿಗಿದಿದ್ದ ಫಲಕವನ್ನು ತೋರಿಸಿದಳು.