ನೀಲಿ ಕುಂಡದ ಕರಿಬೇವು

ಕರಿಬೇವು ಬೇಯುವ ವಾಸನೆ ಮೂಗಿಗೆ ಬಡಿದಾಗ ಯಶೋಧರನಿಗೆ ಮೊದಲು ನೆನಪಾದದ್ದು ಕಟಪಾಡಿಯ ಮನೆಯ ಶನಿವಾರಗಳು. ಅಮ್ಮ ಕಬ್ಬಿಣದ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯಿಸಿ, ಒಂದು ಹಿಡಿ ಕರಿಬೇವು ಹಾಕಿ, ಎಲೆ ಕಪ್ಪಾಗುವ ತನಕ ಕುದಿಸಿ, ಆರಿದ ಮೇಲೆ ನಾಲ್ಕು ಮಕ್ಕಳ ತಲೆಗೂ ತಟ್ಟುತ್ತಿದ್ದಳು. ಆ ವಾಸನೆಗೆ ಅವನು ಸುಖವಾಗಿ ಕಣ್ಣು ಮುಚ್ಚಿಕೊಂಡ. ಎರಡು ಸಲ ಉಸಿರೆಳೆದ. ಮೂರನೆಯ ಉಸಿರಿಗೆ ಎಚ್ಚರವಾಯಿತು. ತಾನು ನಿಂತಿರುವುದು ಕಟಪಾಡಿಯಲ್ಲಲ್ಲ, ಕುವೈತಿನ ಮಹಬೂಲಾದಲ್ಲಿ, ಏಳನೇ ಮಹಡಿಯ ನಾಗರತ್ನಮ್ಮನವರ ಬಾಲ್ಕನಿಯಲ್ಲಿ. ಇಲ್ಲಿ ಒಲೆಯಿಲ್ಲ, ಬಾಣಲೆಯಿಲ್ಲ. ಬೇಯುತ್ತಿರುವುದು ತನ್ನ ಕೈಯ ಪೈಪಿನೆದುರು ನಿಂತಿರುವ ಗಿಡ.

ಗಾಬರಿಯಲ್ಲಿ ಪೈಪು ಕೈಜಾರಿತು. ಅದು ಹೊರಳಿ ಅವನ ಪಾದಕ್ಕೇ ನೀರು ಕಕ್ಕಿತು. ಗಿಡಕ್ಕೆ ಏನಾಗಿರಬಹುದೆಂದು ಪಾದಕ್ಕೆ ಚೆನ್ನಾಗಿ ಅರ್ಥವಾಯಿತು.

ಆಗಸ್ಟ್ ತಿಂಗಳಲ್ಲಿ ಅಲ್ಲಿ ಹಗಲು ನಲ್ಲಿ ತಿರುಗಿಸಿದರೆ ಬರುವುದು ಚಹಾಕ್ಕೆ ಇಟ್ಟ ನೀರು. ತಾರಸಿಯ ಟ್ಯಾಂಕು ಅಷ್ಟು ಕಾದಿರುತ್ತದೆ. ಜನ ಗೀಸರ್ ಆರಿಸಿಟ್ಟು, ಅದರೊಳಗೆ ತಣ್ಣಗಾದ ನೀರಿನಲ್ಲಿ ಸ್ನಾನ ಮಾಡುತ್ತಾರೆ. ನಾಗರತ್ನಮ್ಮ ಹೊರಡುವಾಗ ಹೇಳಿಯೇ ಹೋಗಿದ್ದರು: "ಹಿಂದಿನ ದಿನ ಬಕೆಟ್ ತುಂಬಿ ಒಳಗಿಟ್ಟುಬಿಡಿ ಯಶೋಧರ್. ಬೆಳಿಗ್ಗೆ ಎರಡು ಚೊಂಬು, ಅಷ್ಟೇ. ನಲ್ಲಿಯಿಂದ ನೇರವಾಗಿ ಮಾತ್ರ ಬೇಡ ಕಣ್ರೀ."

ಹದಿನೇಳು ದಿನ ಅವನು ಹಾಗೆಯೇ ಮಾಡಿದ್ದ. ಹದಿನೆಂಟನೆಯ ದಿನ, ಶುಕ್ರವಾರ, ಅವರು ಸಂಜೆ ಹಿಂತಿರುಗುವ ದಿನವೇ ಅವನನ್ನು ಕೆಡಿಸಿದ್ದು ಇಂಗ್ಲೆಂಡು.

ನಾಗರತ್ನಮ್ಮನವರ ಗಂಡ, ಎದುರು ಫ್ಲ್ಯಾಟಿನ ಲಕ್ಷ್ಮೀನರಸಿಂಹ, ಮೈಸೂರು ಕಡೆಯವರು, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರ್. ನಿವೃತ್ತಿಗೆ ಮುಂಚೆ ಹೆಂಡತಿಗೆ ಇಂಗ್ಲೆಂಡಿನ ಹಳೆಯ ಜಮೀನ್ದಾರರ ಬಂಗಲೆಗಳನ್ನೂ ತೋಟಗಳನ್ನೂ ತೋರಿಸಬೇಕೆಂದು ಹೊರಟಿದ್ದರು. ಹೋದವರು ಸುಮ್ಮನಿರಲಿಲ್ಲ. ದಿನಕ್ಕೆ ಹತ್ತು ಫೋಟೋ, ಎರಡು ಧ್ವನಿ ಸಂದೇಶ. "ನೋಡ್ರೀ ಯಶೋಧರ್, ಈ ಮನೆಗೆ ನೂರೆಂಬತ್ತು ಕಿಟಕಿ." "ಈ ಮಂಚ ರಾಜ ಬರ್ತಾನೆ ಅಂತ ಮಾಡಿಸಿದ್ದು. ಅವನು ಬರಲೇ ಇಲ್ಲ. ಇನ್ನೂರು ವರ್ಷದಿಂದ ಹಾಸಿಗೆ ಹಾಸಿಕೊಂಡು ಕಾಯ್ತಿದ್ದಾರೆ." "ಈ ದ್ರಾಕ್ಷಿ ಬಳ್ಳೀನ ಒಂದೇ ಮನೆತನದವರು ನಾಲ್ಕು ತಲೆಮಾರಿನಿಂದ ಸಾಕ್ತಾ ಬಂದಿದ್ದಾರೆ. ನಿಮ್ಮನ್ನೇ ನೆನೆಸಿಕೊಂಡೆ."

ಕೊನೆಯ ಸಂದೇಶ ಅಂದು ಬೆಳಿಗ್ಗೆ ಬಂದಿತ್ತು. ಫೋಟೋದಲ್ಲಿ ಟೊಪ್ಪಿ ಹಾಕಿದ ಮುದುಕ ಮಾಲಿಯೊಬ್ಬ ಪೈಪು ಹಿಡಿದು ಗಿಡಕ್ಕೆ ಸ್ನಾನ ಮಾಡಿಸುತ್ತಿದ್ದ. "ಬರೀ ಬೇರಿಗಲ್ಲ, ಎಲೆಎಲೆಗೂ ನೀರು ತೋರಿಸ್ತಾರೆ ಕಣ್ರೀ. ಅದು ಪ್ರೀತಿ." ಯಶೋಧರ ಕಂಪನಿಯೊಂದರ ಪರ್ಚೇಸ್ ಗುಮಾಸ್ತ. ಇಪ್ಪತ್ತೆರಡು ವರ್ಷಗಳಲ್ಲಿ ಅವನನ್ನು ಯಾರೂ ನಾಲ್ಕು ತಲೆಮಾರಿನ ಮಾಲಿಗೆ ಹೋಲಿಸಿರಲಿಲ್ಲ. ಅವನೂ ಟೊಪ್ಪಿ ಹಾಕಿಕೊಂಡು, ಹನ್ನೊಂದು ಗಂಟೆಗೆ ಪೈಪು ಹಿಡಿದ.

ಈಗ ಕರಿಬೇವಿನ ಎಲೆಗಳು, ಓವರ್‌ಟೈಮ್ ಮುಗಿಸಿ ಬಸ್ಸಿನಲ್ಲಿ ನಿದ್ದೆಹೋದ ಕೆಲಸಗಾರರ ತಲೆಗಳಂತೆ, ಒಂದೇ ಕಡೆಗೆ ಜೋತುಬಿದ್ದಿದ್ದವು.

ಬೇರೆ ಯಾವ ಗಿಡವಾದರೂ ಅವನು ಇಷ್ಟು ನಡುಗುತ್ತಿರಲಿಲ್ಲ. ಇದು ನಂಜನಗೂಡಿನ ತವರುಮನೆಯ ಹಿತ್ತಿಲಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಗಿಡ. ಹತ್ತೊಂಬತ್ತು ವರ್ಷ ಇಲ್ಲಿನ ಬಿಸಿಲನ್ನು ತಡೆದುಕೊಂಡದ್ದು. ಎರಡು ವರ್ಷದ ಹಿಂದೆ ಅವನ ಹೆಂಡತಿ ಉಮಾವತಿಗೆ ಆಪರೇಷನ್ ಆದಾಗ ನಾಗರತ್ನಮ್ಮ ನಲವತ್ತು ದಿನ ಊಟ ಕಳಿಸಿದ್ದರು. ಪ್ರತಿ ದಿನದ ಸಾರಿನ ಮೇಲೂ ಈ ಗಿಡದ ನಾಲ್ಕೆಲೆ ತೇಲುತ್ತಿತ್ತು. ಅಂಥವರಿಗೆ ಹೇಗೆ ಮುಖ ತೋರಿಸುವುದು?

ಉಮಾವತಿ ಇದ್ದಿದ್ದರೆ ಏನಾದರೂ ಹೇಳುತ್ತಿದ್ದಳು. ಅವಳು ಊರಿಗೆ ಹೋಗಿ ತಿಂಗಳಾಗಿತ್ತು. ಮನೆಯಲ್ಲಿ ಗಿಡಗಳ ಕಾರುಬಾರೆಲ್ಲ ಅವಳದು. ತಮ್ಮ ಬಾಲ್ಕನಿಯ ಬಗ್ಗೆ ಯಶೋಧರನಿಗೆ ಗೊತ್ತಿದ್ದದ್ದು ಅಲ್ಲಿ ಬಟ್ಟೆ ಒಣಗುತ್ತದೆ ಎಂಬುದಷ್ಟೇ.

ಅವನು ಮೂರನೇ ಮಹಡಿಯ ಚಂದ್ರಪ್ರಭಾಳನ್ನು ಕರೆತಂದ. ಕಟ್ಟಡದಲ್ಲಿ ಯಾರಿಗೆ ಏನಾದರೂ ಮೊದಲು ಬರುವವಳು ಅವಳು. ಬಂದವಳು ರೋಗಿಯ ನಾಡಿ ಹಿಡಿಯುವ ಹಾಗೆ ಒಂದು ಎಲೆ ಹಿಡಿದು ನೋಡಿದಳು.

"ಎಂತ ಮಾಡಿದ್ದು ಯಶೋಧರಣ್ಣ, ಗಿಡವನ್ನಾ ಕಷಾಯವನ್ನಾ?"

"ಇಂಗ್ಲೆಂಡಿನಲ್ಲಿ ಹೀಗೇ ಮಾಡ್ತಾರೆ."

"ಇಂಗ್ಲೆಂಡಿನಲ್ಲಿ ನೀರು ತಣ್ಣಗೆ ಉಂಟು ಮಾರಾಯ್ರೆ. ಕರಿಬೇವಿಗೆ ಹುಳಿಮಜ್ಜಿಗೆ ಒಳ್ಳೆಯದು. ಲಬನ್ ಉಂಟಾ ಫ್ರಿಜ್ಜಿನಲ್ಲಿ?"

ಲಬನ್ ಎಂದರೆ ಅಲ್ಲಿ ಬಾಟಲಿಯಲ್ಲಿ ಸಿಗುವ ಮಜ್ಜಿಗೆ. ಇದ್ದ ಎರಡು ಬಾಟಲಿಯನ್ನೂ ಸುರಿದದ್ದಾಯಿತು. ಗಿಡ ಏಳಲಿಲ್ಲ. ಏಸಿ ಕೆಳಗೆ ಇಟ್ಟು, ಒದ್ದೆ ಟವೆಲ್ ಹೊದಿಸಿದರು. ಅಷ್ಟರಲ್ಲಿ ಯಶೋಧರನ ಆಫೀಸಿನ ತಿಲಕ್ ಬಂದ. ಶುಕ್ರವಾರದ ಊಟಕ್ಕೆಂದು ಬಂದವನಿಗೆ ಮಜ್ಜಿಗೆಯೂ ಕರಿಬೇವೂ ಟವೆಲ್ಲೂ ಒಟ್ಟಿಗೆ ಕಂಡವು.

"ಅಣ್ಣ, ಮಜ್ಜಿಗೆಹುಳಿಗೆ ಇನ್ನು ಸೌತೆಕಾಯಿ ಒಂದೇ ಬಾಕಿ."

"ನಗಬೇಡ ಮಾರಾಯ. ಅವರು ಐದೂವರೆಗೆ ಮನೆಗೆ ಬರ್ತಾರೆ."

"ಹಾಗಾದರೆ ಖಲಾಸ್. ಬೇರೆ ಗಿಡ ತಂದು ಇಡುವ. ಕರಿಬೇವಿನ ಮುಖ ಯಾರು ಗುರುತು ಹಿಡೀತಾರೆ?"

ಈ ಮಾತು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ಇಬ್ಬರೂ, ಮೂರನೆಯವನು ಹೇಳಿದ್ದರಿಂದ ಹಗುರಾದರು. ಚಂದ್ರಪ್ರಭಾ ಕುಂಡವನ್ನು ಸುತ್ತಿ ನೋಡಿದಳು. "ಜಾಬ್ರಿಯಾದಲ್ಲಿ ನರ್ಸ್ ವೈಲೆಟ್ ಇದ್ದಾಳಲ್ಲ, ಕಳೆದ ವಾರ ಅವಳ ಮನೆಗೆ ಹೋಗಿದ್ದೆ. ಇಷ್ಟೇ ಎತ್ತರದ್ದು ಒಂದು ಉಂಟು. ಇಂಥದ್ದೇ ನೀಲಿ ಕುಂಡ. ಕೇಳಿದರೆ ಕೊಟ್ಟಾಳು, ಒಳ್ಳೆ ಹುಡುಗಿ." ಫೋನ್ ಮಾಡಿದಳು, ವೈಲೆಟ್ ಡ್ಯೂಟಿಯಲ್ಲಿದ್ದಳು, ಎತ್ತಲಿಲ್ಲ. "ನೀವು ಹೊರಡಿ. ನಾನು ಮೆಸೇಜ್ ಹಾಕ್ತೇನೆ."

ತಿಲಕನ ಕಾರಿನಲ್ಲಿ ಹೊರಟಾಗ ಎರಡೂಕಾಲು. ರಸ್ತೆಯ ತುಂಬ ಶುಕ್ರವಾರದ ಕಾರುಗಳು. ಯಶೋಧರ ಊಟ ಮಾಡಿರಲಿಲ್ಲ, ಸುಟ್ಟ ಪಾದಕ್ಕೆ ಚಪ್ಪಲಿ ಹತ್ತುತ್ತಿರಲಿಲ್ಲ. ತಿಲಕ್ ಅವನ ಫೋನಿನಲ್ಲಿ ಇಂಗ್ಲೆಂಡಿನ ಫೋಟೋಗಳನ್ನು ಸಿಗ್ನಲ್ಲಿಗೊಂದರಂತೆ ನೋಡುತ್ತಿದ್ದ.

"ಈ ತೋಟಕ್ಕೆ ಹನ್ನೊಂದು ಜನ ಮಾಲಿಗಳಂತೆ ಅಣ್ಣ."

"ಗೊತ್ತುಂಟು."

"ಇಲ್ಲಿ ಒಂದು ಗಿಡಕ್ಕೆ ನಾವು ಮೂರು ಜನ. ನಮ್ಮದೇ ಹೆಚ್ಚಾಯಿತು."

ಜಾಬ್ರಿಯಾದಲ್ಲಿ ಬಾಗಿಲು ತೆರೆದದ್ದು ವೈಲೆಟಳ ಅತ್ತೆ ಲಿಜ್ಜಿಬಾಯಿ. ಕಿನ್ನಿಗೋಳಿಯಿಂದ ಮಗನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಾತಾಡಲು ಜನ ಸಿಕ್ಕದೆ ಸೊರಗಿದ್ದರು.

"ಮಹಬೂಲಾದಿಂದಲಾ?"

"ಹೌದು ಬಾಯಮ್ಮ."

"ಕರಿಬೇವಿನ ಗಿಡಕ್ಕಾ?"

"ಹೌದು."

"ಇವತ್ತು ಬರ್ತಾರೆ, ಕೊಡಿ ಅಂತ ವೈಲೆಟ್ ಹೇಳಿ ಹೋಗಿದ್ದಾಳೆ. ಮೊದಲು ಕೂತುಕೊಳ್ಳಿ. ಇಬ್ಬರದ್ದೂ ಮುಖ ಬಾಡಿದೆ."

ಚಂದ್ರಪ್ರಭಾಳ ಮೆಸೇಜು ಇಷ್ಟು ಬೇಗ ಕೆಲಸ ಮಾಡಿತಲ್ಲ ಎಂದು ಯಶೋಧರ ಮನಸ್ಸಿನಲ್ಲೇ ಕೈಮುಗಿದ. ಮುದುಕಿ ಶರಬತ್ತು ಕೊಟ್ಟರು, ಅವನ ಪಾದ ನೋಡಿ ಮುಲಾಮು ತಂದುಕೊಟ್ಟರು. ಗಿಡ ನೋಡಿದಾಗಲಂತೂ ಅವನಿಗೆ ಅಳು ಬಂತು. ಅದೇ ಎತ್ತರ, ಅದೇ ಸೊಂಪು, ಕುಂಡವೂ ಅದೇ. ವಾಪಸು ಬರುವಾಗ ಗಿಡವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು.

ಐದು ಗಂಟೆಗೆ ಹೊಸ ಗಿಡ ನಾಗರತ್ನಮ್ಮನವರ ಬಾಲ್ಕನಿಯಲ್ಲಿತ್ತು. ಬೆಂದ ಗಿಡ ಟವೆಲ್ ಹೊದ್ದುಕೊಂಡೇ ಯಶೋಧರನ ಬಚ್ಚಲು ಸೇರಿತ್ತು.

ಐದೂ ಮುಕ್ಕಾಲಿಗೆ ಲಕ್ಷ್ಮೀನರಸಿಂಹ ಸೂಟ್‌ಕೇಸು ಎಳೆದುಕೊಂಡು ಬಂದವರೇ ನೆಟ್ಟಗೆ ಬಾಲ್ಕನಿಗೆ ಹೋದರು. "ನೋಡು ರತ್ನ, ಹೇಗೆ ಬೆಳೆದಿದೆ. ಇವರ ಕೈಗೆ ಗಿಡ ಕೊಡೋದಾ ಅಂತ ಮೂಗು ಮುರಿದಿದ್ದೆ ನೀನು. ನಾನು ಲಿಫ್ಟಿನಲ್ಲೇ ಇವರಿಗೆ ಮಾತು ಕೊಟ್ಟಾಗಿತ್ತು." ಆಮೇಲೆ ಚೀಲ ತೆಗೆದು, ಬಂಗಲೆಯ ಅಂಗಡಿಯಲ್ಲಿ ಕೊಂಡ ಪುಟ್ಟ ಹಸಿರು ನೀರಿನ ಕ್ಯಾನನ್ನು ಯಶೋಧರನ ಕೈಗಿಟ್ಟರು. "ಮಾಲಿಗಳ ರಾಜನಿಗೆ. ಬಿಲ್ಡಿಂಗಿನ ಗ್ರೂಪಿನಲ್ಲೂ ಹಾಕಿದ್ದೀನಿ. ರಜೆಗೆ ಹೋಗೋ ಮೂರು ಮನೆಯವರು ಆಗಲೇ ಬೀಗದ ಕೈ ಕೊಡ್ತೀವಿ ಅಂದಿದ್ದಾರೆ."

ನಾಗರತ್ನಮ್ಮ ಬಗ್ಗಿ, ಗಿಡದ ಕಾಂಡದ ಬುಡದಲ್ಲಿದ್ದ ಹಳೆಯ ಗಾಯವೊಂದನ್ನು ಬೆರಳಿನಿಂದ ಸವರಿದರು. ಹಿಂದೊಮ್ಮೆ ಬಾಲ್ಕನಿ ಬಾಗಿಲು ಬಡಿದು ಆದದ್ದು. ಆಗಲೇ ಅವರಿಗೆ ಫೋನ್ ಬಂತು. ವೈಲೆಟಳ ಗಾಬರಿಯ ದನಿ ಪಕ್ಕದಲ್ಲಿದ್ದ ಯಶೋಧರನಿಗೂ ಕೇಳಿಸಿತು.

"ಆಂಟಿ, ನೀವು ಬರುವ ಮೊದಲೇ ನಿಮ್ಮ ಗಿಡ ಯಾರೋ ತಗೊಂಡು ಹೋಗಿದ್ದಾರೆ. ಇಬ್ಬರು ಗಂಡಸರಂತೆ, ಒಬ್ಬ ಬೆವರು ಸುರಿಸಿಕೊಂಡು ಕುಂಟುತ್ತಿದ್ದನಂತೆ. ನಮ್ಮ ಮಾಮಿ ಶರಬತ್ತು ಬೇರೆ ಕೊಟ್ಟಿದ್ದಾರೆ. ನಾನು ಡ್ಯೂಟಿ ಮುಗಿಸಿ ಬಂದದ್ದೇ ಈಗ, ಒಂದು ಮೆಸೇಜೂ ನೋಡಿಲ್ಲ."

"ಪರವಾಗಿಲ್ಲಮ್ಮ. ಗಿಡ ಮನೆ ಸೇರಿದೆ," ಎಂದು ನಾಗರತ್ನಮ್ಮ ಫೋನ್ ಇಟ್ಟರು. ಗಂಡ ಸ್ನಾನಕ್ಕೆ ಹೋಗುವವರೆಗೆ ಕಾದರು. ಆಮೇಲೆ ಮೆಲ್ಲಗೆ ಕೇಳಿದರು: "ಯಶೋಧರ್, ನಾನು ಇಲ್ಲಿ ಬಿಟ್ಟುಹೋಗಿದ್ದ ಗಿಡ ಎಲ್ಲಿ?"

ಅವನು ಕುಂಟುತ್ತ ಮುಂದೆ ನಡೆದು, ತನ್ನ ಬಚ್ಚಲಿನ ಬಾಗಿಲು ತೆರೆದು, ಟವೆಲ್ ಸರಿಸಿದ. ಒಂದು ಎಲೆ ಉದುರಿತು.

"ತಪ್ಪಾಯಿತು ನಾಗರತ್ನಕ್ಕ. ನಲ್ಲಿ ನೀರು ಬಿಟ್ಟುಬಿಟ್ಟೆ. ಆದರೂ ನಿಮ್ಮ ತವರಿನ ಗಿಡ ವೈಲೆಟ್ ಮನೆಗೆ ಹೇಗೆ ಹೋಯಿತು?"

ನಾಗರತ್ನಮ್ಮ ಬಚ್ಚಲಿನ ಸ್ಟೂಲಿನ ಮೇಲೆ ಕೂತರು. "ನಿಮ್ಮ ಮೇಲೆ ನಂಬಿಕೆ ಇರಲಿಲ್ಲ ಕಣ್ರೀ, ಸುಳ್ಳು ಯಾಕೆ ಹೇಳಲಿ. ಇವರು ಮಾತು ಕೊಟ್ಟುಬಿಟ್ಟಿದ್ದರು, ನಿಮಗೆ ಬೇಜಾರಾಗಬಾರದು ಅಂತ ನನ್ನದನ್ನ ವೈಲೆಟ್ ಮನೆಗೆ ಸಾಗಿಸಿ, ಅದರ ಜಾಗಕ್ಕೆ ಇದನ್ನ ಇಟ್ಟೆ."

ಯಶೋಧರನ ಎದೆಯ ಮೇಲಿಂದ ಬಂಡೆ ಇಳಿಯಿತು. "ಹಾಗಾದರೆ ಇದು ಯಾರದ್ದೂ ಅಲ್ಲ."

"ಇದು ಉಮಾವತಿದು."

ಬಂಡೆ ಮತ್ತೆ ಮೇಲೆ ಬಂದು ಕೂತಿತು.

"ಊರಿಗೆ ಹೋಗುವಾಗ ತಂದು ಬಿಟ್ಟಳು. ಜಮಿಯ್ಯಾ ಅಂಗಡಿಯಲ್ಲಿ ಕುಂಡಾನೂ ಇಬ್ಬರೂ ಒಟ್ಟಿಗೆ ಕೊಂಡಿದ್ದು. 'ಇವರ ಕೈಯಲ್ಲಿ ಉಳಿಯುವುದಿಲ್ಲ ಅಕ್ಕ, ನಿಮ್ಮಲ್ಲಿ ಇರಲಿ, ಇವರಿಗೆ ಹೇಳಬೇಡಿ' ಅಂದಳು. ಬೀಜದಿಂದ ಬೆಳೆಸಿದ್ದು, ಹನ್ನೊಂದು ವರ್ಷ. ವೈಲೆಟ್ ಕಾರಿನಲ್ಲಿ ಎರಡಕ್ಕೂ ಜಾಗ ಆಗಲಿಲ್ಲ. ಹೇಗೂ ನಿಮ್ಮ ಮನೆಯದು, ನಿಮ್ಮ ಕೈಯಲ್ಲೇ ಇರಲಿ ಅಂತ ಬಿಟ್ಟೆ. ನನ್ನದೂ ತಪ್ಪಿದೆ."

ಅಷ್ಟರಲ್ಲಿ ಯಶೋಧರನ ಫೋನು ಹೊಡೆದುಕೊಂಡಿತು. ಉಮಾವತಿ.

"ನಾಗರತ್ನಕ್ಕ ಬಂದರಾ? ನಾನು ಭಾನುವಾರ ಬರ್ತಿದ್ದೇನೆ, ಟಿಕೆಟ್ ಆಯಿತು. ಮತ್ತೆ, ಅವರ ಬಾಲ್ಕನಿಯಲ್ಲಿ ನನ್ನದೊಂದು ಸಾಮಾನು ಉಂಟು. ನಾನೇ ಬಂದು ತಗೊಳ್ತೇನೆ. ನೀವು ಮಾತ್ರ ಮುಟ್ಟಲಿಕ್ಕೆ ಹೋಗಬೇಡಿ."

"ಇಲ್ಲ," ಎಂದ ಯಶೋಧರ. "ಇನ್ನು ಮುಟ್ಟುವುದಿಲ್ಲ."

ನಾಗರತ್ನಮ್ಮ ಎದ್ದು ತಮ್ಮ ಮನೆಗೆ ಹೋದರು. ಅವನು ಹಸಿರು ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತ. ಎದುರು ಮನೆಯೊಳಗಿಂದ ಲಕ್ಷ್ಮೀನರಸಿಂಹರ ದನಿ ಬರುತ್ತಿತ್ತು. ಬಂಗಲೆಯ ಅಡುಗೆಮನೆಯಲ್ಲಿ ಇನ್ನೂರು ತಾಮ್ರದ ಪಾತ್ರೆ ಇದ್ದವಂತೆ. "ಇದ್ದು ಏನು ಬಂತು, ಒಂದರಲ್ಲೂ ಒಗ್ಗರಣೆ ಇಲ್ಲ. ಹದಿನೆಂಟು ದಿನ ಬ್ರೆಡ್ಡು," ಎಂದರು ನಾಗರತ್ನಮ್ಮ. ಕುಕ್ಕರು ಕೂಗಿತು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿಯಿತು, ಹಿಂದೆಯೇ ಕರಿಬೇವು ಚಟಪಟ ಎಂದಿತು. ವಾಸನೆ ಮೊಗಸಾಲೆ ದಾಟಿ ಬಂತು. ಬೆಳಗಿನಿಂದ ಶರಬತ್ತಿನ ಮೇಲಿದ್ದವನಿಗೆ, ನಾಚಿಕೆಯ ನಡುವೆಯೂ ಹೊಟ್ಟೆ ಗುಡುಗಿತು.

ಬಾಗಿಲು ತೆರೆಯಿತು. ನಾಗರತ್ನಮ್ಮ ಇನ್ನೂ ಪ್ರಯಾಣದ ಸೀರೆಯಲ್ಲೇ ಇದ್ದರು. ಎರಡು ಅಂತಸ್ತಿನ ಸ್ಟೀಲಿನ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಂದು, ಅವನ ಮಡಿಲಿನಿಂದ ಕ್ಯಾನನ್ನು ತೆಗೆದು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಡಬ್ಬಿಯನ್ನು ಇಟ್ಟರು.

"ಬಿಸಿ ಇದೆ," ಎಂದಷ್ಟೇ ಹೇಳಿ ಒಳಗೆ ಹೋದರು.