ರಫ್‌ನೆಕ್‌ಗಳಿಗೆ ಪ್ರವೇಶವಿಲ್ಲ

ಓಪಲಮ್ಮನ ಊಟದ ಮನೆಯ ಬಾಗಿಲಲ್ಲಿ ಒಂದು ಹಲಗೆ ತೂಗುತ್ತಿತ್ತು: ‘ನಾಯಿಗಳಿಗೂ ರಫ್‌ನೆಕ್‌ಗಳಿಗೂ ಪ್ರವೇಶವಿಲ್ಲ.’ ವರ್ಜಿಲ್‌ನ ಕಷ್ಟಕ್ಕೆಲ್ಲ ಆ ಹಲಗೆಯೇ ಕಾರಣ. ಅವನು ನಾಯಿಯಂತೂ ಅಲ್ಲ. ಎಣ್ಣೆಬಾವಿಯಲ್ಲಿ ಕೊಳವೆ ಇಳಿಸುವ ಆಳು, ಅಂದರೆ ರಫ್‌ನೆಕ್. ಸಾಲದ್ದಕ್ಕೆ ಓಪಲಮ್ಮನ ಮಗಳು ಲೋರೀನಳಿಗೆ ಮನಸ್ಸು ಕೊಟ್ಟಿದ್ದ.

ನಮ್ಮ ಓಕ್ಲಹೋಮದಲ್ಲಿ ಆಗ ರಫ್‌ನೆಕ್ ಎಂದರೆ ಕುಡುಕ, ಜಗಳಗಂಟ, ಕೆಸರಿನ ಮುದ್ದೆ ಎಂದೇ ಲೆಕ್ಕ. ಅಳುವ ಮಕ್ಕಳಿಗೆ ‘ರಫ್‌ನೆಕ್ ಬಂದ’ ಎಂದರೆ ಸಾಕು, ಗಪ್‌ಚುಪ್. ಅರ್ಧ ನಿಜವೂ ಇತ್ತೆನ್ನಿ. ಆದರೆ ಜಾರುವ ಹಲಗೆಗಳ ಮೇಲೆ ನಿಂತು, ಸ್ವಲ್ಪ ತಪ್ಪಿದರೆ ಬೆರಳನ್ನೇ ಕೀಳುವ ಸರಪಳಿಯನ್ನು ಕೊಳವೆಗೆ ಬೀಸಿ ಸುತ್ತುವ ಆ ಗಂಡಸರನ್ನು ಹಾಗೆ ಅನ್ನುವುದು ಅನ್ಯಾಯ. ಊರಿನ ಅನ್ನವೆಲ್ಲ ಅವರ ಬೆವರಿನದೇ.

ಲೋರೀನ್ ಹೆದರಿ, ಹುಡುಗ ಶೂ ಅಂಗಡಿಯಲ್ಲಿದ್ದಾನೆ ಎಂದು ತಾಯಿಗೆ ಸುಳ್ಳು ಹೇಳಿದ್ದಳು. ಹಾಗಾದರೆ ಶನಿವಾರ ಊಟಕ್ಕೆ ಕರೆ, ನೋಡಿ ಮದುವೆಯ ಮಾತಾಡೋಣ ಎಂದಳು ತಾಯಿ. ಸುಳ್ಳನ್ನು ನಿಜ ಮಾಡದೆ ವರ್ಜಿಲ್‌ಗೆ ಬೇರೆ ದಾರಿಯಿರಲಿಲ್ಲ. ಅದೃಷ್ಟಕ್ಕೆ ಶೂ ಅಂಗಡಿಯ ಗುಮಾಸ್ತ, ಕಂಡಕಂಡವರ ಕಾಲು ಹಿಡಿದು ಸಾಕಾಯಿತೆಂದು ಶುಕ್ರವಾರವೇ ಕೆಲಸ ಬಿಟ್ಟಿದ್ದ. ವರ್ಜಿಲ್ ಅಂದೇ ಸಂಜೆ ಬಾವಿಯ ಕೆಲಸ ಬಿಟ್ಟು ಆ ಜಾಗ ಹಿಡಿದ. ಶನಿವಾರ ಬೆಳಗ್ಗೆ ಸೀಮೆಎಣ್ಣೆ ಹಾಕಿ ಉಗುರುಗಳನ್ನು ತಿಕ್ಕಿದ್ದೇ ತಿಕ್ಕಿದ್ದು; ಮದುಮಗಳ ಉಗುರಿನಂತೆ ಹೊಳೆದವು.

ಮಧ್ಯಾಹ್ನ ಬಿಳಿ ಅಂಗಿ ತೊಟ್ಟು ಕರಿದ ಕೋಳಿಯ ಮುಂದೆ ಕೂತ. ಓಪಲಮ್ಮ ಅವನ ಕೈ ನೋಡಿ ಮೆಚ್ಚಿಕೊಂಡಳು. ಇನ್ನೇನು ಮದುವೆಯ ಮಾತು ಎತ್ತಬೇಕು, ಬಿರುಗಾಳಿ ಎದ್ದಿತು. ಹಿತ್ತಲಲ್ಲಿ ನೀರೆತ್ತುವ ಗಾಳಿಯಂತ್ರದ ಗೋಪುರ ಕಿರುಗುಟ್ಟುತ್ತ ಅಡಿಗೆಮನೆಯ ಮೇಲಕ್ಕೇ ವಾಲಿತು.

ವರ್ಜಿಲ್‌ನ ಕೈ ತುರಿಸಿತು. ಗೋಪುರ ಹತ್ತುವುದು ಅವನಿಗೆ ಮೆಟ್ಟಿಲು ಹತ್ತಿದಷ್ಟೇ ಸಲೀಸು. ಲೋರೀನ್ ಬೇಡವೆಂದು ಕಣ್ಸನ್ನೆ ಮಾಡಿದಳು.

“ನೀವು ದೂರ ಇರ್ರಪ್ಪಾ,” ಎಂದಳು ಓಪಲಮ್ಮ. “ಅಂಗಡಿಯವರು ನೀವು, ಇದೆಲ್ಲ ನಿಮ್ಮ ಕೈಲಾಗೋದಲ್ಲ.”

ಅಷ್ಟರಲ್ಲಿ ಪಾಳಿ ಮುಗಿಸಿದ ಬಾವಿಯವರ ಲಾರಿ ಅದೇ ದಾರಿಯಲ್ಲಿ ಬಂತು. ಮೇಸ್ತ್ರಿ ಬಕ್ ಒಮ್ಮೆ ಗೋಪುರ ನೋಡಿದ, ಕೈ ಎತ್ತಿದ, ಅಷ್ಟೇ. ಒಬ್ಬ ಹಗ್ಗ ಕಚ್ಚಿಕೊಂಡು ಅಳಿಲಿನಂತೆ ಏರಿದ. ಇನ್ನೊಬ್ಬ ಸರಪಳಿ ಬೀಸಿ ಸುತ್ತಿದ. ಕೂಗಾಟವಿಲ್ಲ, ಗಡಿಬಿಡಿಯಿಲ್ಲ. ಲಾರಿ ಎಳೆಯಿತು, ಗೋಪುರ ನೆಟ್ಟಗೆ ನಿಂತಿತು. ನೋಡುತ್ತಿದ್ದವರಿಗೆ ಕೈಮುಗಿಯಬೇಕೆನಿಸಿತು.

ಊಟಕ್ಕೆ ಕರೆದರೆ ಅವರು ಒಳಗೆ ಬರಲಿಲ್ಲ. ಟೋಪಿ ತೆಗೆದು ಬಾಗಿಲ ಹಲಗೆ ತೋರಿಸಿದರು.

ಓಪಲಮ್ಮನ ಮುಖ ಕೆಂಪಾಯಿತು. ಹಲಗೆ ಕಿತ್ತು ಒಲೆಗೆ ತುರುಕಿ, ಎಲ್ಲರನ್ನೂ ಒಳಗೆ ಕರೆದು ಊಟಕ್ಕೆ ಕೂರಿಸಿದಳು. “ಇನ್ಮೇಲೆ ರಫ್‌ನೆಕ್ ಅಂತ ಯಾರಾದ್ರೂ ಬೈದ್ರೆ ಅವರಿಗೆ ಇಲ್ಲಿ ಊಟ ಇಲ್ಲ. ಲೋರೀನ್, ಮದುವೆ ಆದ್ರೆ ಇಂಥ ರಫ್‌ನೆಕ್‌ನೇ ಆಗು.”

ವರ್ಜಿಲ್ ಹಿಗ್ಗಿ ಎದ್ದು ನಿಂತ. “ಅಮ್ಮಾ, ನಾನೂ ರಫ್‌ನೆಕ್ಕೇ.”

“ಈ ಉಗುರಿಟ್ಕೊಂಡಾ?” ಎಂದು ಓಪಲಮ್ಮ ನಕ್ಕುಬಿಟ್ಟಳು.

ವರ್ಜಿಲ್ ಸಾಕ್ಷಿಗೆಂದು ಬಕ್‌ನ ಮುಖ ನೋಡಿದ. ಬಕ್ ಸುಳ್ಳಾಡುವವನಲ್ಲ. “ನಿನ್ನೆವರೆಗೂ ಹೌದು, ಒಳ್ಳೇ ಆಳು. ಆದ್ರೆ ಬಾವಿ ಬಿಟ್ಟವನಿಗೆ ಆ ಹೆಸರು ಸಲ್ಲಲ್ಲ ತಮ್ಮಾ. ನಮ್ಮ ರೂಢಿ ನಿಂಗೂ ಗೊತ್ತು.”

ನಾಳೆಯಿಂದ ವಾಪಸು ಬರುತ್ತೇನೆಂದು ವರ್ಜಿಲ್ ಅಂಗಲಾಚಿದ.

“ಜಾಗ ಎಲ್ಲಿದೆ? ಬೆಳಗ್ಗೇನೇ ಇವನು ಬಂದ.”

ಬಕ್ ತೋರಿಸಿದ್ದು ಹಗ್ಗದ ಬಾಲ ಹಿಡಿದಿದ್ದೇ ಸಾಧನೆಯಾದ ಒಬ್ಬ ಹೊಸಬನನ್ನು. ಅವನು ಮುಖದ ಕೆಸರು ಒರೆಸಿಕೊಂಡಾಗ ಕಂಡವನು ಶೂ ಅಂಗಡಿಯ ಹಳೆಯ ಗುಮಾಸ್ತ ಎಲ್ಮೋ! ಲೋರೀನ್ ಆಗಲೇ ತಾಯಿಯ ಅಪ್ಪಣೆಯಂತೆ ಅವನ ತಟ್ಟೆಗೆ ಪೀಚ್ ಹಣ್ಣಿನ ಕಡುಬಿನ ದೊಡ್ಡ ತುಂಡು ಬಡಿಸುತ್ತಿದ್ದಳು. ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

“ಅಯ್ಯೋ, ಈ ರಫ್‌ನೆಕ್ ಹುಡುಗನ ಶೂ ಕಿತ್ತುಹೋಗಿದೆಯಲ್ಲಾ,” ಎಂದಳು ಓಪಲಮ್ಮ. “ವರ್ಜಿಲಪ್ಪಾ, ನಿಮ್ಮಂಗಡಿಯಿಂದ ಒಂದು ಜೊತೆ ತಂದು ಹಾಕಿ.”

ವರ್ಜಿಲ್ ಓಡಿಹೋಗಿ ತಂದ. ಮೊಣಕಾಲೂರಿ ಎಲ್ಮೋನ ಕಾಲು ಹಿಡಿದ.

ಎಲ್ಮೋ ಕಡುಬು ನುಂಗಿ, ತಗ್ಗಿದ ದನಿಯಲ್ಲಿ, ನಿಜವಾದ ಅನುಕಂಪದಿಂದ ಹೇಳಿದ: “ಅಳತೆ ಸರಿಯಾ ಅಂತ ಹೆಬ್ಬೆರಳ ಹತ್ತಿರ ಒತ್ತಿ ನೋಡಣ್ಣಾ. ಮೊದಮೊದಲು ನಂಗೂ ಗೊತ್ತಾಗ್ತಿರಲಿಲ್ಲ.”